ಚೆಕ್‌ಪೋಸ್ಟ್ ದಾಟಿ ಬಂದವನು

ಲೀಲಾ ಮತ್ತು ನ್ಯಾರುವಾಚ್ ನೈರೋಬಿಯ ಲಂಗಾಟಾದ ಒಂದೇ ಕಟ್ಟಡದಲ್ಲಿ ಎದುರುಬದುರು ಮನೆಯವರು. ಮೈಸೂರಿನ ಲೀಲಾ ಅಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಗಂಡ ಲಕ್ಷ್ಮೀಶನಿಗೆ ಅಪ್ಪರ್ ಹಿಲ್‌ನ ಬ್ಯಾಂಕಿನಲ್ಲಿ ಕೆಲಸ. ನ್ಯಾರುವಾಚ್ ದಕ್ಷಿಣ ಸುಡಾನಿನವಳು, ನುಯೇರ್ ಜನಾಂಗದವಳು. ಅವಳ ಗಂಡ ಮಜೋಕ್ ಡಿಂಕಾ ಜನಾಂಗದವನು. ಎರಡು ಜನಾಂಗಗಳ ನಡುವೆ ಹಿಂದೆ ರಕ್ತ ಹರಿದಿತ್ತು. ಆದರೂ ನಿರಾಶ್ರಿತರ ಶಿಬಿರದ ಶಾಲೆಯಲ್ಲಿ ಜೊತೆಗೆ ಓದಿದ ಇವರಿಬ್ಬರು ಒಬ್ಬರನ್ನೊಬ್ಬರು ಮೆಚ್ಚಿ ಮದುವೆಯಾಗಿದ್ದರು. ದೇಶ ಸ್ವತಂತ್ರವಾದ ಮೇಲೆ ಮಜೋಕ್ ರಾಜಧಾನಿ ಜುಬಾದಲ್ಲಿ ಸರ್ಕಾರಿ ಎಂಜಿನಿಯರಾದ. ಮಗಳು ಅಚೋಲ್‌ಳ ಓದಿಗಾಗಿ ಹೆಂಡತಿ ನೈರೋಬಿಯಲ್ಲಿ ಉಳಿದಳು.

೨೦೧೩ರ ಡಿಸೆಂಬರಿನಲ್ಲಿ ನ್ಯಾರುವಾಚ್‌ಳ ಅಪ್ಪ ಮತ್ತು ಕಿರಿಯ ತಮ್ಮ ಟುಟ್ ಕ್ರಿಸ್‌ಮಸ್‌ಗೆಂದು ಮಜೋಕ್‌ನ ಮನೆಗೆ ಹೋಗಿದ್ದರು. ಆಗಲೇ ಡಿಂಕಾ ಅಧ್ಯಕ್ಷರಿಗೂ ಅವರು ಕಿತ್ತುಹಾಕಿದ್ದ ನುಯೇರ್ ಉಪಾಧ್ಯಕ್ಷರಿಗೂ ಇದ್ದ ಜಗಳ ಸೈನ್ಯದ ಬ್ಯಾರಕ್ಕಿಗಿಳಿದು, ಅಲ್ಲಿಂದ ಬೀದಿಗೆ ಬಂತು. ಜುಬಾದ ಫೋನುಗಳು ಸತ್ತವು. ನ್ಯಾರುವಾಚ್ ಒಲೆ ಹಚ್ಚುವುದನ್ನೇ ಬಿಟ್ಟಳು. ಲೀಲಾ ದಿನವೂ ಅನ್ನ, ಸಾರು ಒಯ್ಯತೊಡಗಿದಳು.

"ನಾವು ಹೊರಗಿನೋರು ಕಣೇ," ಎಂದ ಲಕ್ಷ್ಮೀಶ. "ಅವರ ಜಗಳಕ್ಕೆ ತಲೆ ಹಾಕ್ಬೇಡ."

"ಊಟ ಕೊಡೋದು ತಲೆ ಹಾಕೋದೇನ್ರೀ? ಆ ಮಗು ಮುಖ ನೋಡಿ ಸ್ವಲ್ಪ."

ಒಂದು ಸಂಜೆ ಲೀಲಾ ತಡೆಯಲಾರದೆ ಕೇಳಿದಳು, "ಇದೆಲ್ಲ ಯಾಕಾಯ್ತು?"

"ಒಂದು ಕುರ್ಚಿ, ಇಬ್ಬರು ಗಂಡಸರು," ಎಂದಳು ನ್ಯಾರುವಾಚ್. "ಸುಡಾನಿನ ಉತ್ತರದವರ ವಿರುದ್ಧ ಒಟ್ಟಿಗೆ ಹೋರಾಡಿದೆವು. ಗೆದ್ದ ಮೇಲೆ ಎಣ್ಣೆಬಾವಿಗಳು ನಮ್ಮದಾದವು. ತಿನ್ನುವವರಿಗೆ ಅದೂ ಸಾಲಲಿಲ್ಲ. ಆಗ ಜನರ ಹತ್ತಿರ ಬಂದು, ಪಕ್ಕದ ಜನಾಂಗ ನಿಮ್ಮನ್ನು ಮುಗಿಸುತ್ತದೆ ಅಂದರು. ನಂಬಿಸೋದು ಕಷ್ಟವಾಗಲಿಲ್ಲ. ಹಿಂದೆ ಒಬ್ಬರನ್ನೊಬ್ಬರು ಕೊಂದಿದ್ದು ಎಲ್ಲರಿಗೂ ನೆನಪಿತ್ತಲ್ಲ."

ಜನವರಿಯಲ್ಲಿ ಮಜೋಕ್ ಬಂದ. ಒಬ್ಬನೇ ಬಂದ. ಬಾಗಿಲಲ್ಲಿ ಅವನನ್ನು ಕಂಡ ನ್ಯಾರುವಾಚ್ ಅವನ ಬೆನ್ನ ಹಿಂದೆ, ಮೆಟ್ಟಿಲಿನತ್ತ ನೋಡಿದಳು. ಆಮೇಲೆ, ಊಟ ತಂದು ಅಲ್ಲೇ ಕುಳಿತಿದ್ದು ಈಗ ಏಳಹೊರಟ ಲೀಲಾಳ ಕೈ ಹಿಡಿದು ಕೂರಿಸಿಕೊಂಡಳು.

"ಇವಳ ಮುಂದೆ ಹೇಳು," ಎಂದಳು ಗಂಡನಿಗೆ. "ಇಂಗ್ಲಿಷಿನಲ್ಲಿ ಹೇಳು. ನಿನ್ನ ಭಾಷೆಯೂ ಬೇಡ, ನನ್ನದೂ ಬೇಡ."

ಅವನು ಹೇಳಿದ. ಸೈನಿಕರು ಮನೆಮನೆ ಹುಡುಕುತ್ತಿದ್ದರಂತೆ. ಮಾವನನ್ನೂ ಟುಟ್‌ನನ್ನೂ ಕಾರಿನಲ್ಲಿ ಕೂರಿಸಿಕೊಂಡು ವಿಶ್ವಸಂಸ್ಥೆಯ ಶಿಬಿರದತ್ತ ಹೊರಟ. ದಾರಿಯಲ್ಲಿ ಚೆಕ್‌ಪೋಸ್ಟ್. ಸೈನಿಕನೊಬ್ಬ ಡಿಂಕಾದಲ್ಲಿ ಹೆಸರು ಕೇಳಿದ. ಮಜೋಕ್ ಉತ್ತರಿಸಿದ. ಮಾವನಿಗೆ ಆ ಭಾಷೆ ಬರುತ್ತಿರಲಿಲ್ಲ. ಹಣೆಯ ಮೇಲೆ ನುಯೇರ್ ಗಂಡಸರು ಗುರುತಿಗೆ ಕೊಯ್ಸಿಕೊಳ್ಳುವ ಗೀರುಗಳು ಬೇರೆ ಇದ್ದವು.

"ಇಬ್ಬರನ್ನೂ ಇಳಿಸಿದರು. ನನ್ನ ಹೆಂಡತಿಯ ತಂದೆ ಅಂತ ಬೇಡಿಕೊಂಡೆ. ಹಾಗಾದರೆ ನೀನೂ ಅವರ ಜೊತೆ ನಿಲ್ಲು, ಇಲ್ಲವಾದರೆ ಹೋಗು ಅಂದರು. ನಿನ್ನ ಅಪ್ಪನೇ ಹೋಗು ಅಂತ ಕೈ ಬೀಸಿದರು. ಹೋದೆ. ತಿರುವು ದಾಟುವಾಗ ಸದ್ದು ಕೇಳಿಸಿತು."

ನ್ಯಾರುವಾಚ್ ಕಿರುಚಲಿಲ್ಲ. "ನಿಂತಿದ್ದರೆ ನೀನೂ ಸಾಯುತ್ತಿದ್ದೆ. ಗೊತ್ತು," ಎಂದಳು. ಅವನಿಗೆ ಊಟ ಬಡಿಸಿದಳು. ಆದರೆ ಅಂದಿನಿಂದ ಮಗಳ ಕೋಣೆಯಲ್ಲಿ ಮಲಗತೊಡಗಿದಳು.

ಕಾಲ ಕಳೆದಿದ್ದರೆ ಅವರು ಮತ್ತೆ ಹತ್ತಿರವಾಗುತ್ತಿದ್ದರೇನೋ. ಯುದ್ಧ ಅಷ್ಟು ಪುರುಸೊತ್ತು ಕೊಡಲಿಲ್ಲ. ಕೆಲವೇ ದಿನಗಳಲ್ಲಿ ಬೋರ್ ಪಟ್ಟಣದಿಂದ ಫೋನ್ ಬಂತು. ಮಜೋಕ್‌ನ ತಾಯಿ ಊರಿನ ಮುದುಕಿಯರ ಜೊತೆ ಚರ್ಚಿನಲ್ಲಿ ಅಡಗಿದ್ದಳು. ಬಂದೂಕು ಹಿಡಿದ ನುಯೇರ್ ಯುವಕರು ಅಲ್ಲಿಗೆ ನುಗ್ಗಿ ಅವರನ್ನೆಲ್ಲ ಕೊಂದಿದ್ದರು. ಗೋಡೆಗೆ ತಲೆ ಆನಿಸಿ ನಿಂತ ಗಂಡನ ಬೆನ್ನ ಮೇಲೆ ನ್ಯಾರುವಾಚ್ ಕೈಯಿಟ್ಟಳು. ಅವನು ಆ ಕೈಯನ್ನು ಮೆಲ್ಲನೆ ಸರಿಸಿದ.

ಮಾರನೆಯ ವಾರ ಅವನು ಸೈನ್ಯ ಸೇರಲು ಹೊರಟ. ಲಕ್ಷ್ಮೀಶನೇ ಎದ್ದು ಹೋಗಿ ಕೆಳಗೆ ಗೇಟಿನ ಹತ್ತಿರ ಅವನನ್ನು ತಡೆದ. "ನೀನು ಸೇತುವೆ ಕಟ್ಟೋ ಎಂಜಿನಿಯರ್. ಯಾರನ್ನು ಕೊಲ್ಲೋಕೆ ಹೋಗ್ತಿದ್ದೀಯ? ಬಂಡುಕೋರರ ಜೊತೆ ಸೇರಿರೋ ನಿನ್ನ ಭಾವಮೈದುನರನ್ನೇ?"

"ಕಟ್ಟಿದ್ದೆಲ್ಲ ಉಡಾಯಿಸಿದ್ದಾರೆ," ಎಂದ ಮಜೋಕ್. ಟ್ಯಾಕ್ಸಿ ಹತ್ತಿದ. ಲಕ್ಷ್ಮೀಶ ಮೇಲೆ ಬಂದವನು ಅಂದು ಆಫೀಸಿಗೆ ಹೋಗಲಿಲ್ಲ.

ಏಪ್ರಿಲ್‌ನಲ್ಲಿ, ದೇಶದ ಉತ್ತರ ಗಡಿಯ ಎಣ್ಣೆಬಾವಿಗಳ ಕಡೆ ನಡೆದ ಕಾಳಗದಲ್ಲಿ ಮಜೋಕ್ ಸತ್ತ. ಸುದ್ದಿ ತಿಳಿಸಿದವನು ಬಂಡುಕೋರರ ಪಡೆಯಲ್ಲಿದ್ದ ನ್ಯಾರುವಾಚ್‌ಳ ಅಣ್ಣ. "ಅಪ್ಪನ ಸಾವಿಗೆ ಉತ್ತರ ಸಿಕ್ಕಿತು, ತಂಗಿ," ಎಂದನಂತೆ. ಅವಳು ಫೋನಿಟ್ಟು ಬಂದು ಲೀಲಾಳ ಅಡುಗೆಮನೆಯ ನೆಲದ ಮೇಲೆ ಕುಳಿತು ಗೋಳಾಡಿದಳು. ಅಪ್ಪನಿಗೆ, ತಮ್ಮನಿಗೆ, ಅತ್ತೆಗೆ, ಗಂಡನಿಗೆ ಅಲ್ಲಿಯವರೆಗೂ ಅತ್ತಿರದಿದ್ದುದನ್ನೆಲ್ಲ ಅತ್ತಳು.

ಗಂಡನ ಕಡೆಯವರು ನೈರೋಬಿಯ ಚರ್ಚೊಂದರಲ್ಲಿ ಪ್ರಾರ್ಥನೆ ಇಟ್ಟುಕೊಂಡರು. ಲೀಲಾ ಜೊತೆಗೆ ಹೋದಳು. ಬಾಗಿಲಲ್ಲಿದ್ದ ಹೆಂಗಸರು ಅಚೋಲ್‌ಳನ್ನು ಒಳಗೆ ಕರೆದುಕೊಂಡು ನ್ಯಾರುವಾಚ್‌ಳಿಗೆ ಬೆನ್ನು ತಿರುಗಿಸಿದರು. ಆ ತಿಂಗಳು ಕಳೆಯುವುದರೊಳಗೆ ಮಜೋಕ್‌ನ ಚಿಕ್ಕಪ್ಪ ಬಂದ. ಹೆಣ್ಣಿನ ಮನೆಗೆ ವಧುದಕ್ಷಿಣೆಯಾಗಿ ಹಸುಗಳನ್ನು ಕೊಟ್ಟ ಮೇಲೆ ಮಗು ತಂದೆಯ ಕುಲಕ್ಕೆ ಸೇರಿದ್ದು ಎಂದ. ತಾಯಿಯ ಸೊಂಟ ತಬ್ಬಿದ್ದ ಹುಡುಗಿಯನ್ನು ಬಿಡಿಸಿಕೊಂಡು ಕಂಪಾಲಾಕ್ಕೆ ಕರೆದೊಯ್ದ. "ಪೊಲೀಸಿಗೆ ಹೇಳೋಣ," ಎಂದು ಲೀಲಾ ಅತ್ತಳು. ನ್ಯಾರುವಾಚ್ ಬೇಡವೆಂದು ತಲೆಯಾಡಿಸಿದಳು. "ನನ್ನ ಹತ್ತಿರ ಇದ್ದರೆ ನನ್ನ ಅಣ್ಣಂದಿರು ಅವಳನ್ನು ಡಿಂಕಾ ಅಂತಾರೆ. ಅಲ್ಲಿ ಬದುಕಲಿ."

ಮುಂದಿನ ವರ್ಷ ಆಗಸ್ಟ್‌ನಲ್ಲಿ ಶಾಂತಿ ಒಪ್ಪಂದವಾಯಿತೆಂದು ಟಿವಿಯಲ್ಲಿ ಬಂತು. ಲೀಲಾ ಓಡಿಹೋಗಿ ಎದುರು ಮನೆಯ ಬಾಗಿಲು ಬಡಿದಳು.

"ಸಹಿ ಯಾರು ಹಾಕಿದರು?" ನ್ಯಾರುವಾಚ್ ಕೇಳಿದಳು.

"ಅವರೇ ಇಬ್ಬರು."

"ಹೂಂ," ಎಂದು ನ್ಯಾರುವಾಚ್ ಬಾಗಿಲು ಮುಚ್ಚಿಕೊಂಡಳು.

ಮರುವರ್ಷ ಜುಲೈಯಲ್ಲಿ ಜುಬಾ ಮತ್ತೆ ಹೊತ್ತಿ ಉರಿಯಿತು. ಅಷ್ಟರಲ್ಲಿ ನ್ಯಾರುವಾಚ್ ಮನೆ ಖಾಲಿ ಮಾಡಿ, ತಾನು ಹುಡುಗಿಯಾಗಿದ್ದಾಗ ಬೆಳೆದ ಆ ನಿರಾಶ್ರಿತರ ಶಿಬಿರಕ್ಕೇ ಹೊರಟುಹೋಗಿದ್ದಳು.