ತಲೆಕೆಳಗಾದ ಪಟ್ಟಿಗಳು

ಸಾರ್ಜೆಂಟ್ ಕಾರಿಗನ್‌ಗೆ ಹೊಸ ಕೋಟು ಕಂಡರೆ ಆಗುತ್ತಿರಲಿಲ್ಲ. ಮೂವತ್ತು ವರ್ಷ ಕಾಲಾಳು ಪಡೆಯಲ್ಲಿ ಸವೆದ ಮನುಷ್ಯ. ಬರುವ ಶನಿವಾರ ನಿವೃತ್ತಿ. ಅಂಥ ಹೊತ್ತಿಗೇ ವಾಷಿಂಗ್ಟನ್ನಿನ ದೊಡ್ಡವರು ಕವಾಯತಿನ ಉಡುಪನ್ನೆಲ್ಲ ಬದಲಾಯಿಸಬೇಕೆ! ನೆತ್ತಿಯ ಮೇಲೆ ಚೂಪು ಕಡ್ಡಿಯಿದ್ದ ಶಿರಸ್ತ್ರಾಣ ಹೋಗಿ ಅಗಲ ನೆತ್ತಿಯ ಟೋಪಿ ಬಂತು. ಎದೆಯ ಮೇಲೆ ತಿಳಿನೀಲಿ ಹುರಿ ಬಂತು. ಅದೆಲ್ಲ ಹಾಳಾಗಲಿ, ದರ್ಜೆ ತೋರಿಸುವ ತೋಳಿನ ಪಟ್ಟಿಗೇ ಕೈ ಹಾಕಿದ್ದರು. ಅಂಗೈಯಗಲದ ಚಿನ್ನದ ಪಟ್ಟಿ ಅರ್ಧಕ್ಕರ್ಧ ಕುಗ್ಗಿತ್ತು. ಕೆಳಗೆ ನೋಡುತ್ತಿದ್ದ ಅದರ ಚೂಪು ತುದಿ ಈಗ ಮೇಲೆ ನೋಡುತ್ತಿತ್ತು.

"ಕೋಳೀನ ಕೇಳಿ ಮಸಾಲೆ ಅರೀತಾರಾ, ಹೇಳು," ಎಂದು ಅವನು ಹೆಂಡತಿ ಮಿನಾಳ ಮುಂದೆ ಗೊಣಗಿದ. ಹಳೇ ಕೋಟಿಗೆ ಅಪ್ಪಣೆಯಿಲ್ಲ ಎಂದು ಕ್ಯಾಪ್ಟನ್ ಹೇಳಿಯಾಗಿತ್ತು. ಹಾಗಾದರೆ ಕೊನೆಯ ಕವಾಯತಿಗೇ ಬರುವುದಿಲ್ಲ, ಪೆಟ್ಟಿಗೆ ಹೊತ್ತು ಹಿಂಬಾಗಿಲಿಂದ ಹೋಗುತ್ತೇನೆ ಎಂದು ಇವನ ಹಟ.

ತುಕಡಿಯ ಹೊಲಿಗೆಯೆಲ್ಲ ಮಿನಾಳದೇ. ನಿಜ ಹೇಳಬೇಕೆಂದರೆ ಹೊಸ ಕೋಟು ಅವಳಿಗೆ ಚೆನ್ನಾಗಿಯೇ ಕಂಡಿತ್ತು. ಹಾಗಂತ ಒಂದು ಸಲ ಬಾಯಿಬಿಟ್ಟದ್ದಕ್ಕೆ ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದ. ಆದರೆ ಡಕೋಟಾದ ಚಳಿ, ಅರಿಜೋನಾದ ಧೂಳು ಎಲ್ಲ ಇವನ ಹಿಂದೆ ತಿಂದವಳು ಅವಳು. ಬ್ಯಾಂಡು ಬಾರಿಸಿ ಇವನನ್ನು ಬೀಳ್ಕೊಡುವುದನ್ನು ಕಣ್ತುಂಬ ನೋಡಬೇಕೆಂಬುದು ಅವಳ ಒಂದೇ ಆಸೆ. ಕಳ್ಳನ ಹಾಗೆ ಹಿಂಬಾಗಿಲಿಂದ ಹೋಗುವುದೆಂದರೆ ಅವಳ ಹೊಟ್ಟೆ ಉರಿಯುತ್ತಿತ್ತು.

ಗುರುವಾರ ಕಾರಿಗನ್ ಕಚೇರಿಯಲ್ಲಿದ್ದಾಗ ಕಾರ್ಪೊರಲ್ ಲಿಂಡಾಲ್ ಮನೆಗೆ ಬಂದ. ಅವನ ಹಿಂದೆ ತುಕಡಿಯ ಪಟ್ಟಿಧಾರಿಗಳೆಲ್ಲ ಹೊಸ ಕೋಟು ಹಿಡಿದು ನಿಂತಿದ್ದರು.

"ಅಮ್ಮಾ, ಪಟ್ಟಿ ಬಿಚ್ಚಿ ಚೂಪು ಕೆಳಗೆ ಮಾಡಿ ಹೊಲಿದುಕೊಡಿ. ಮುದುಕನ ಕಣ್ಣಿಗೆ ಶನಿವಾರ ಒಂದಿನ ಹಿತವಾಗಿರ್ಲಿ. ನಾವೆಲ್ಲ ಅವನ ಹತ್ರ ಬೈಸ್ಕೊಂಡೇ ಮನುಷ್ಯರಾದೋರು."

ಕ್ಯಾಪ್ಟನ್ ಪಟ್ಟಿ ಕಿತ್ತುಕೊಂಡರೆ ಏನು ಮಾಡುತ್ತೀರಿ ಎಂದು ಮಿನಾ ಕೇಳಿದಳು. ಕಿತ್ತುಕೊಂಡರೆ ಮತ್ತೆ ಬಿಚ್ಚುವ ಕೆಲಸ ನಿಮಗೆ ತಪ್ಪುತ್ತೆ ಎಂದ ಲಿಂಡಾಲ್. ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು. ಕೋಟುಗಳನ್ನೆಲ್ಲ ಇಸಿದುಕೊಂಡಳು.

ಈಗ ಮುದುಕನನ್ನು ಹೇಗಾದರೂ ಮೈದಾನಕ್ಕೆ ಹೊರಡಿಸಬೇಕಲ್ಲ. ಶುಕ್ರವಾರ ಅವನಿಗೆ ಬೀನ್ಸು, ಹಂದಿಮಾಂಸ ಬಡಿಸುತ್ತ ಮಿನಾ ಮೆಲ್ಲಗೆ ಸುಳ್ಳೊಂದನ್ನು ತೇಲಿಬಿಟ್ಟಳು.

"ಪಕ್ಕದ ತುಕಡಿ ಸಾರ್ಜೆಂಟ್ ಮಲ್ಕಾಹಿ ನಗ್ತಿದ್ದ. ಕುಣೀಲಾರದೋನಿಗೆ ನೆಲ ಡೊಂಕಂತೆ. ಕಾರಿಗನ್ ಹೊಟ್ಟೆ ಹೊಸ ಕೋಟಲ್ಲಿ ಹಿಡಿಸಲ್ಲ, ಅದಕ್ಕೇ ಇಷ್ಟು ರಂಪ ಅಂತೆ."

ಕಾರಿಗನ್ ಫೋರ್ಕು ಕೆಳಗಿಟ್ಟ. ಎದ್ದು ಕೋಟು ತೊಟ್ಟು, ಉಸಿರು ಬಿಗಿಹಿಡಿದು ಗುಂಡಿ ಹಾಕಿದ. ಹಿಡಿಸಿತು. ಕನ್ನಡಿಯ ಮುಂದೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನಿಂತ.

"ನಾಳೆ ಹೋಗ್ತೀನಿ. ಪಟ್ಟಿ ಹೊಲಿ. ಚೂಪು ಮೇಲಕ್ಕೇ ಇರ್ಲಿ, ಹುಕುಂ ಇರೋ ಹಾಗೆ. ಕೊನೇ ದಿನ ನನ್ನ ಹುಡುಗರ ಮುಂದೆ ತಪ್ಪು ಉಡುಪಲ್ಲಿ ನಿಲ್ಲಲ್ಲ."

ಮಿನಾ ಸೆರಗಿಲ್ಲದ ಊರಿನವಳು. ಏಪ್ರನ್ನನ್ನೇ ಬಾಯಿಗೆ ಒತ್ತಿಕೊಂಡು ನಗು ತಡೆದಳು. ಒಂದು ಮಾತು ಹೇಳಿಬಿಡೋಣವೇ ಅನ್ನಿಸಿತು. ಆದರೆ ಗುಟ್ಟು ಬಿಡುವುದಿಲ್ಲವೆಂದು ಹುಡುಗರಿಗೆ ಮಾತು ಕೊಟ್ಟಾಗಿತ್ತು. ಬಾಯಿ ಮುಚ್ಚಿಕೊಂಡು ಗಂಡನ ಪಟ್ಟಿಯನ್ನು ಮೇಲ್ಮುಖವಾಗಿಯೇ ಹೊಲಿದಳು.

ಶನಿವಾರ ಬೆಳಿಗ್ಗೆ ಕಾನ್ಸಾಸಿನ ಗಾಳಿಗೆ ಬಾವುಟ ಪಟಪಟ ಹೊಡೆದುಕೊಳ್ಳುತ್ತಿತ್ತು. ಕಾರಿಗನ್ ಸಾಲಿನ ಮುಂದೆ ತಪಾಸಣೆಗೆ ಹೊರಟ. ಗುಂಡಿಯೊಂದು ಸಡಿಲವಾಗಿದ್ದರೂ ಹೆಸರು ಹಿಡಿದು ವರದಿ ಒಪ್ಪಿಸುವ ಆಸಾಮಿ. ಲಿಂಡಾಲ್‌ನ ಎದುರು ಗಕ್ಕನೆ ನಿಂತ. ತೋಳು ನೋಡಿದ. ಪಕ್ಕದವನ ತೋಳು ನೋಡಿದ. ಸಾಲಿಗೆ ಸಾಲೇ ಪಟ್ಟಿಗಳು ಹಳೇ ಕಾಲದ ಹಾಗೆ ಕೆಳಗೆ ನೋಡುತ್ತಿದ್ದವು. ಇಡೀ ಮೈದಾನದಲ್ಲಿ ಸರಿಯಾಗಿದ್ದದ್ದು ಇವನದೊಂದೇ. ಅವನ ಕತ್ತು ಕೆಂಪೇರುವುದು ದೂರದಲ್ಲಿದ್ದ ಮಿನಾಳಿಗೂ ಕಂಡಿತು. ಈಗ ಬೈದಾನು ಎಂದುಕೊಂಡಳು.

ಕಾರಿಗನ್ ಸಾಲಿನ ಕೊನೆಯವರೆಗೂ ನಡೆದ, ಎಂದಿಗಿಂತ ನಿಧಾನವಾಗಿ. ತಿರುಗಿ ಬಂದು ಕ್ಯಾಪ್ಟನ್‌ಗೆ ಸೆಲ್ಯೂಟ್ ಹೊಡೆದ.

"ಎಲ್ಲಾ ಹುಕುಂ ಪ್ರಕಾರ ಇದೆ, ಸಾಹೇಬ್ರೇ."

ಕ್ಯಾಪ್ಟನ್ ಆ ತೋಳುಗಳನ್ನು ನೋಡಿದ, ಇವನ ಒದ್ದೆ ಕಣ್ಣು ನೋಡಿದ.

"ನೀನು ಹೇಳಿದ ಮೇಲೆ ಮುಗೀತು, ಸಾರ್ಜೆಂಟ್," ಎಂದು ಬ್ಯಾಂಡಿನವರ ಕಡೆ ಕೈ ಎತ್ತಿದ.