ಓವನ್ನಿನಲ್ಲಿ ಭೋಗಿ

ಒಗ್ಗರಣೆಯ ವಾಸನೆ ಬಂದರೆ ಸಾಕು, ಪೂರ್ಣಿಮಾಳ ಹೊಟ್ಟೆ ತೊಳಸುತ್ತಿತ್ತು. ಬಸಿರಿನ ನಾಲ್ಕನೆಯ ತಿಂಗಳಿಗೆ ಸರಿಹೋಗುತ್ತದೆ ಎಂದಿದ್ದರು, ಹೋಗಲಿಲ್ಲ. ಮೊಸರನ್ನ ಉಂಡು ಗಂಡ ಪ್ರಸಾದ ಕೆಲಸಕ್ಕೆ ಹೋದಮೇಲೆ, ರಾಮತೀರ್ಥ ನಗರದ ಮನೆಯಲ್ಲಿ ಅವಳು ಗೋಡೆಯ ಮೇಲೆ ಬಿಸಿಲು ಸರಿಯುವುದನ್ನೇ ನೋಡುತ್ತ ಮಲಗಿರುತ್ತಿದ್ದಳು.

ಸಂಕ್ರಾಂತಿಯ ಮುನ್ನಾದಿನ, ಭೋಗಿಯಂದು, ಬೀಡಿ ಎಂಬ ಹಳ್ಳಿಯಿಂದ ಅತ್ತೆ ಕಾಶವ್ವ ಬಂದಳು. ಚೀಲ ಸುರುವಿದಳು: ಮಣ್ಣು ಮೆತ್ತಿದ ಗೆಣಸು, ಗಜ್ಜರಿ, ಎಳೆ ಬದನೆಕಾಯಿ, ಅವರೆ, ಉಳ್ಳಾಗಡ್ಡಿ. ಭೋಗಿಗೆ ಎಲ್ಲ ಕೂಡಿಸಿ ಪಲ್ಯ ಮಾಡುವುದು ರೂಢಿ. ಪೂರ್ಣಿಮಾಳಿಗೆ ಅತ್ತೆಯೆಂದರೆ ಇನ್ನೂ ಸಂಕೋಚ. ಆದರೂ ಹೇಳಲೇಬೇಕಾಯಿತು.

"ಅತ್ತೀ, ಒಗ್ಗರಣಿ ಹಾಕಬ್ಯಾಡ್ರಿ. ನನಗ ತಡಕೊಳ್ಳಾಕ ಆಗೂದಿಲ್ರಿ."

"ಮತ್ತ ಹಬ್ಬದ ದಿನ ಉಪಾಸ ಇರ್ತಿಯೇನವಾ? ಏನ ತಿನ್ನೂ ಮನಸಾಗೇತಿ, ಹೇಳ."

"ಸುಟ್ಟದ್ದು ಏನರ. ಹೊಲದಾಗ ಬೆಂಕ್ಯಾಗ ಗೆಣಸು ಸುಡತಾರಲ್ರಿ, ಹಂತಾದ್ದು."

ಕಟ್ಟಿಗೆಯ ಒಲೆಯಿಲ್ಲದ ಅಡುಗೆಮನೆಯನ್ನು ಕಾಶವ್ವ ಸುತ್ತಲೂ ನೋಡಿದಳು. ಮೂಲೆಯಲ್ಲಿ, ಕೇಕಿಗೆಂದು ತಂದ ಓವನ್ನು ಬಟ್ಟೆ ಹೊದ್ದು ಕುಳಿತಿತ್ತು.

"ಇದರಾಗ ಸುಡಾಕ ಬರತೈತೇನು?"

ಇಬ್ಬರೂ ಹೆಚ್ಚಿದರು. ಎಣ್ಣೆ, ಉಪ್ಪು, ಒಂದು ಹಿಡಿ ಎಳ್ಳು ಹಾಕಿ ಕೈಯಿಂದ ಕಲಸಿ, ತಟ್ಟೆಯಲ್ಲಿ ಹರಡಿ ಒಳಗಿಟ್ಟರು. ಆಮೇಲೆ ಓವನ್ನಿನ ಗಾಜಿನೆದುರು ನೆಲದ ಮೇಲೆ ಕುಳಿತುಬಿಟ್ಟರು. ಒಳಗಿನ ಕೆಂಪು ಬೆಳಕಿನಲ್ಲಿ ಗಜ್ಜರಿಯ ಅಂಚು ಮೆಲ್ಲಗೆ ಸುಕ್ಕುಗಟ್ಟಿತು, ಗೆಣಸಿನ ಪಾಕ ಗುಳ್ಳೆಯೆದ್ದಿತು. ಎಲ್ಲೋ ದೂರದ ಊರಿನಲ್ಲಿ ಸಂಜೆಯಾಗುತ್ತಿರುವಂತೆ ಕಾಣುತ್ತಿತ್ತು.

ಅಷ್ಟರಲ್ಲಿ ಕರೆಂಟು ಹೋಯಿತು. ಪೂರ್ಣಿಮಾ ಬಾಗಿಲಿಗೆ ಕೈಹಾಕಿದಳು.

"ತಗೀಬ್ಯಾಡ. ಬೂದ್ಯಾಗ ಮುಚ್ಚಿಟ್ಟೇವಿ ಅಂತ ತಿಳಕೋ. ಇದ್ದ ಕಾವಿನ್ಯಾಗ ಬೇಯಲಿ."

ಗಾಜಿನಾಚೆಯ ಬೆಚ್ಚಗಿನ ಕತ್ತಲೆಯನ್ನು ನೋಡುತ್ತ ನೋಡುತ್ತ ಪೂರ್ಣಿಮಾಳ ಕಣ್ಣು ಮುಚ್ಚಿದವು. ಮಂಜು ಕವಿದ ಹೊಲದಲ್ಲಿ ಅವಳು ಬರಿಗಾಲಲ್ಲಿ ನಡೆಯುತ್ತಿದ್ದಳು. ಕಾಲಡಿಯ ಮಣ್ಣು ರೊಟ್ಟಿಯಂತೆ ಬಿಸಿಯಾಗಿತ್ತು. ಮುಂದೆ ಯಾರೋ ಪುಟ್ಟ ಗೆಜ್ಜೆ ಕಟ್ಟಿಕೊಂಡು ಓಡುತ್ತಿದ್ದರು, ಮುಖ ತೋರಿಸಲೊಲ್ಲರು. ಗಾಳಿಯ ತುಂಬ ಸಿಹಿಯಾದ ಹೊಗೆ.

ಎಚ್ಚರಾದಾಗ ತಲೆ ಅತ್ತೆಯ ತೊಡೆಯ ಮೇಲಿತ್ತು. ಕರೆಂಟು ಬಂದಿತ್ತು. ಕನಸಿನ ವಾಸನೆ ಮಾತ್ರ ಹೋಗಿರಲಿಲ್ಲ, ಮನೆಯನ್ನೆಲ್ಲ ತುಂಬಿತ್ತು.

ತಟ್ಟೆಯಿಂದಲೇ ಕೈಹಾಕಿ ತಿಂದಳು. ಕರಿಯಾದ ಉಳ್ಳಾಗಡ್ಡಿ, ಬೆಣ್ಣೆಯಂಥ ಬದನೆ, ತುದಿ ಸೀದ ಗೆಣಸು. ಹೊಟ್ಟೆ ತೊಳಸಲಿಲ್ಲ. ಕಾಶವ್ವ ಒಂದೊಂದೇ ಹೋಳು ಅವಳತ್ತ ಸರಿಸುತ್ತಿದ್ದಳು.

"ಇವರು ಹೊಟ್ಟ್ಯಾಗ ಇದ್ದಾಗ ನಿಮಗ ಏನ ತಿನ್ನೂ ಮನಸಾಗಿತ್ತರಿ?" ಪೂರ್ಣಿಮಾ ಕೇಳಿದಳು.

ಕಾಶವ್ವ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ಇದನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

"ಬಿಸಿ ಪಾವು. ದವಾಖಾನಿಗೆ ಬಂದಾಗ ಇಲ್ಲೇ ಖಾಸಬಾಗದಾಗ ಬೇಕರಿ ಭಟ್ಟಿ ವಾಸನಿ ಬಂತು. ನಿಮ್ಮ ಮಾವ ಬಾಜೂಕ ಇದ್ರು. ಕೇಳಾಕ ಬಾಯಿ ಬರಲಿಲ್ಲವಾ."

"ಆಮ್ಯಾಲರ ತಿಂದ್ರಿ?"

"ತಿಂದೆ, ಆರಿದ್ದು. ಬಿಸೀದು ಎಲ್ಲಿ ಸಿಗಬೇಕು!"

ಪೂರ್ಣಿಮಾ ಕೈ ತೊಳೆದು ಶಾಲು ಹೊದ್ದುಕೊಂಡಳು. "ಏಳ್ರಿ ಅತ್ತೀ, ಹೋಗೂಣು."

"ಏ ಹುಚ್ಚಿ, ಈಗ್ಯಾಕ?" ಎನ್ನುತ್ತಲೇ ಕಾಶವ್ವ ಚಪ್ಪಲಿ ಹುಡುಕಿದಳು.

ಆಟೋ ಖಾಸಬಾಗ ಮುಟ್ಟುವ ಹೊತ್ತಿಗೆ ಬೀದಿಯ ತುಂಬ ಸಂಜೆಯ ಹೊಂಬಣ್ಣ ಇಳಿದಿತ್ತು. ಬೇಕರಿಯ ಅಲ್ಲಾಭಕ್ಷ ಭಟ್ಟಿಯಿಂದ ತಟ್ಟೆ ಎಳೆಯುತ್ತಿದ್ದ.

"ಕುಂದರ್ರಿ ಅಮ್ಮಾ, ಈಗ ತಗದೇನಿ. ಕೈ ಸುಡತೈತಿ, ಹುಷಾರ್ರಿ."

ಕಾಶವ್ವ ಪಾವು ಮುರಿದಳು. ಹಬೆ ಮುಖಕ್ಕೆ ಬಡಿಯಿತು. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದಳು.

"ಹೆಂಗೈತ್ರಿ?"

"ಸಪ್ಪಗ ಐತಿ ನೋಡವಾ," ಎಂದು ಕಾಶವ್ವ ಕಣ್ಣು ತೆರೆದು ನಕ್ಕಳು. "ಆದರೂ ಇನ್ನೊಂದ ಕೊಡಸ."