ನಿಸರ್ಗ ಅಪ್ಪನಿಗೆ ತೋರಿಸಿದ ಮೆಸೇಜು

“ಫೋನಿನಲ್ಲಿ ಯಾರಾದರೂ ಹೆದರಿಸಿದರೆ ಅಳಿಸಿಹಾಕಬೇಡಿ. ಮನೆಯಲ್ಲಿ ದೊಡ್ಡವರಿಗೆ ತೋರಿಸಿ” ಎಂದು ತೇಜಶ್ರೀ ಮಿಸ್ ಏಳನೇ ತರಗತಿಗೆ ಪಾಠ ಮಾಡಿದ್ದರು. ನಿಸರ್ಗ ಹಾಗೇ ಮಾಡಿದಳು.

ಹಿರೀಸಾವೆಯ ಹೈವೇ ಪಕ್ಕದಲ್ಲಿ ಅವಳ ಅಪ್ಪ ರವೀಂದ್ರನ ಹೋಟೆಲು. ಶಾಲೆ ಬಿಟ್ಟವಳೇ ಅಲ್ಲಿಗೆ ಹೋಗಿ ಫೋನು ಚಾಚಿದಳು. “ಅಪ್ಪಾ, ಫೋನಲ್ಲಿ ಯಾರೋ ಎದರಿಸ್ತಾವ್ರೆ. ಮಿಸ್ಸು ಮನೇಲಿ ಯೋಳಿ ಅಂದವ್ರೆ.”

ಹೇಳಿದಂತೆ ಕೇಳದಿದ್ದರೆ ನಿನ್ನ ಫೋಟೊ ಕೆಡಿಸಿ ಊರಿಗೆಲ್ಲ ಹಂಚುತ್ತೇನೆ ಎಂದು ಬರೆದಿತ್ತು. ಮೇಲೆ ಅಭಿಷೇಕನ ಹೆಸರು, ಅವನದೇ ಮುಖ. ಅವನು ಅದೇ ಊರಿನ ಚಲುವಯ್ಯನ ಮಗ, ಪಿಯುಸಿ ಓದುವ ಹುಡುಗ.

ರವೀಂದ್ರ ಮೊದಲು ಮಗಳ ಕೆನ್ನೆಗೆ ಬಿಟ್ಟ. ಅವಳ ಮುಖ ಟೇಬಲ್ಲಿಗೆ ಬಡಿದು ತುಟಿ ಸೀಳಿತು. “ಫೋನ್ ಬೇಕೇನೇ ನಿಂಗೆ?” ಎಂದು ಫೋನನ್ನು ಕಲ್ಲಿಗೆ ಅಪ್ಪಳಿಸಿದ. ಒಲೆಯ ಪಕ್ಕದ ಸೌದೆ ಕೈಗೆತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ. ಕಾಲೇಜು ಮುಗಿಸಿ ಚನ್ನರಾಯಪಟ್ಟಣದ ಬಸ್ಸಿನಿಂದ ಅಭಿಷೇಕ್ ಆಗಷ್ಟೇ ಇಳಿಯುತ್ತಿದ್ದ.

“ನನ್ ಮಗಳಿಗೆ ಮೆಸೇಜ್ ಆಕ್ತೀಯೇನ್ಲಾ?”

ಮೊದಲ ಏಟು ಬೆನ್ನಿಗೆ. “ನಾನಲ್ಲ ಕಣಣ್ಣ, ನಂಗೇನೂ ಗೊತ್ತಿಲ್ಲ” ಎಂದು ಹುಡುಗ ಕೈ ಅಡ್ಡ ಹಿಡಿದ. ಎರಡನೆಯ ಏಟಿಗೆ ಆ ಕೈಯ ಮೂಳೆ ಲಟಕ್ಕೆಂದಿತು. ನೆಲಕ್ಕೆ ಬಿದ್ದವನ ಪಕ್ಕೆಗೆ ರವೀಂದ್ರ ಒದೆಯುತ್ತಲೇ ಇದ್ದ. ಬಾಯಿಂದ ರಕ್ತ ಬಂತು. ಸುತ್ತ ನಿಂತವರು ವಿಡಿಯೊ ಮಾಡುತ್ತಿದ್ದರು.

ಬಸ್ಸಿಗೆ ಕಾಯುತ್ತಿದ್ದ ತೇಜಶ್ರೀ ಮಿಸ್ ಬ್ಯಾಗು ಎಸೆದು ನುಗ್ಗಿ ಹುಡುಗನ ಮೇಲೆ ಬಾಗಿದರು. ಮುಂದಿನ ಏಟು ಅವರ ಹೆಗಲಿಗೆ ಬಿತ್ತು. “ಬುಡಿ, ಸತ್ತೋಯ್ತಾನೆ” ಎಂದರು. ಆಗ ಇಬ್ಬರು ಡ್ರೈವರುಗಳು ರವೀಂದ್ರನನ್ನು ಹಿಂದಿನಿಂದ ಹಿಡಿದರು.

ಹುಡುಗಿಗೆ ಕಾಟ ಕೊಟ್ಟವನಿಗೆ ಧರ್ಮದೇಟು ಎಂಬ ತಲೆಬರಹದೊಂದಿಗೆ ವಿಡಿಯೊ ಸಂಜೆಯೊಳಗೆ ಹಾಸನದವರೆಗೂ ಹರಡಿತು. ಆಸ್ಪತ್ರೆಯಲ್ಲಿ ಮಗನ ಪಕ್ಕ ಕೂತಿದ್ದ ಚಲುವಯ್ಯನ ಫೋನಿಗೂ ಯಾರೋ ಅದನ್ನು ಕಳಿಸಿದರು.

ಮಾರನೆಯ ದಿನ ನಿಸರ್ಗ ಠಾಣೆಯಲ್ಲಿ ಮಿಸ್ಸಿನ ಫೋನಿನಲ್ಲಿ ತನ್ನ ಖಾತೆ ತೆರೆದು ಪೊಲೀಸರಿಗೆ ಎಲ್ಲವನ್ನೂ ತೋರಿಸಿದಳು. ಖಾತೆ ಅಭಿಷೇಕನದಲ್ಲ, ಅವನ ಫೋಟೊ ಕದ್ದು ಬೇರೆ ರಾಜ್ಯದಲ್ಲಿ ಕೂತವನೊಬ್ಬ ನಡೆಸುತ್ತಿದ್ದಾನೆ ಎಂದು ಕೆಲವು ದಿನಗಳಲ್ಲಿ ತಿಳಿಯಿತು.

“ತುಟಿಗೇನಾಯ್ತಮ್ಮ?” ಎಂದು ಆ ದಿನ ಠಾಣೆಯಲ್ಲಿ ಇನ್ಸ್‌ಪೆಕ್ಟರು ಕೇಳಿದ್ದರು.

ಬಿದ್ದೆ ಎನ್ನಬೇಕೆಂದು ಮನೆಯವರು ಹೇಳಿಕೊಟ್ಟಿದ್ದರು. ನಿಸರ್ಗ ಮಿಸ್ಸಿನ ಹೆಗಲಿಗೆ ಕಟ್ಟಿದ್ದ ಪಟ್ಟಿ ನೋಡಿದಳು. “ಅಪ್ಪ ಒಡುದ್ರು. ಅಭಿಯಣ್ಣಂಗೂ ಅವ್ರೇ ಒಡುದಿದ್ದು” ಎಂದಳು.

ಹೊರಗೆ ಬಂದ ಮೇಲೆ ಅವಳಿಗೆ ಅಳು ಬಂತು. “ಅಪ್ಪಂಗೆ ತೋರಿಸ್ಬಾರ್ದಾಗಿತ್ತಾ ಮಿಸ್?”

ತೇಜಶ್ರೀ ಅವಳ ಕಣ್ಣೊರೆಸಿದರು. “ನೀನು ಮಾಡಿದ್ದು ಸರಿ ಕಣಮ್ಮ. ನಿಮ್ಮಪ್ಪನಂಥವರನ್ನೂ ಕೂರಿಸಿ ಪಾಠ ಮಾಡ್ಬೇಕಿತ್ತು. ನಾನು ಮಾಡ್ಲಿಲ್ಲ” ಎಂದರು.

ರವೀಂದ್ರನ ಮೇಲೆ ಕೇಸಾಯಿತು. ಅಜ್ಜಿ ದೊಡ್ಡತಾಯಮ್ಮ ಬಂದು ಮೊಮ್ಮಗಳನ್ನು ತಮ್ಮೂರು ಕಟ್ಟಾಯಕ್ಕೆ ಕರೆದೊಯ್ದರು. ಅಭಿಷೇಕನ ಕೈ ಕೂಡಿತು, ಬೆರಳುಗಳನ್ನು ಮಾತ್ರ ಪೂರ್ತಿ ಮಡಚಲಾಗುವುದಿಲ್ಲ. ಆ ವಿಡಿಯೊ ಈಗಲೂ ಯಾರ ಯಾರದೋ ಫೋನಿನಲ್ಲಿದೆ.